ಅಕ್ಕನ ಚಷ್ಮಾ, ಅಕ್ಕಲಕೋಟೆಯ ಬನ್ನಿ

ಐವತ್ತರ ದಶಕದ ನಡುಭಾಗ. ನಮ್ಮ ಅಪ್ಪ ಸೊಲ್ಲಾಪುರದ ಒಂದು ಗಿರಣಿಯಲ್ಲಿ ಕಾರಕೂನ. ವಾರದ ಆರು ದಿನ ಗಿರಣಿಯ ಭೋಂಗಾ ಕೂಗಿದ ಹಾಗೆ ನಮ್ಮ ಮನೆ ಏಳಬೇಕು, ಉಣ್ಣಬೇಕು, ದೀಪ ಆರಿಸಬೇಕು. ರವಿವಾರ ಮಾತ್ರ ಅಪ್ಪ ಇಸ್ತ್ರಿಯ ಧೋತರ ಉಟ್ಟು, ಟೋಪಿ ಇಟ್ಟುಕೊಂಡು, "ನಡೀರಿ, ಕಿಲ್ಲೇದಾಗ ಕುಂತು ಬರೂಣು" ಅನ್ನುತ್ತಿದ್ದ. ಕಿಲ್ಲೆ ಅಂದರೆ ಊರೊಳಗಿನ ಹಳೇ ಕೋಟೆ. ಒಳಗೆ ಹುಲ್ಲು ಬೆಳೆಸಿ, ಹೂವಿನ ಪಾತಿ ಮಾಡಿ, ಕೂರಲು ಕಲ್ಲಿನ ಬಾಕು ಹಾಕಿದ್ದರು. ಬುರುಜಿನ ಮೇಲೆ ನಿಂತರೆ ಕೆರೆ ಕಾಣುತ್ತಿತ್ತು, ಕೆರೆಯ ನಡುವೆ ಸಿದ್ಧೇಶ್ವರನ ಗುಡಿ. ಅವ್ವ ಚುರಮುರಿಗೆ ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಲಸಿ ಕಾಗದದ ಮೇಲೆ ಹರವುವಳು. ನಾವು ತಿನ್ನುತ್ತ, ಕೆರೆಯ ಗಾಳಿಗೆ ಮೈಯೊಡ್ಡಿ, ಕತ್ತಲಾಗುವ ತನಕ ಕೂತಿರುತ್ತಿದ್ದೆವು. ಆ ರವಿವಾರಗಳಷ್ಟು ಸುಖದ ಹೊತ್ತು ನನ್ನ ಬಾಲ್ಯದಲ್ಲಿ ಮತ್ತೊಂದಿರಲಿಲ್ಲ. ಅದಕ್ಕೇ ಅವುಗಳಲ್ಲಿ ಒಂದನ್ನು ಹಾಳು ಮಾಡಿದ್ದು ನಾನು ಎಂಬುದು ಇಷ್ಟು ವರ್ಷವಾದರೂ ಮನಸ್ಸಿನಿಂದ ಹೋಗಿಲ್ಲ.

ನಾವು ಇಬ್ಬರು ಹೆಣ್ಣುಮಕ್ಕಳು. ನನಗೆ ಹನ್ನೊಂದು, ಅಕ್ಕನಿಗೆ ಹದಿನೇಳು. ಅಕ್ಕ ಮ್ಯಾಟ್ರಿಕ್ ಓದುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಶಾಲೆಯಲ್ಲಿ ಕಲಿಸುವ ಬಾಯಿಯೊಬ್ಬರು ಅಪ್ಪನನ್ನು ಕರೆಸಿ, ನಿಮ್ಮ ಹುಡುಗಿಗೆ ಗೋಡೆಯ ಕರಿ ಫಳಿಯ ಮೇಲಿನ ಅಕ್ಷರ ಕಾಣುವುದಿಲ್ಲ, ಪಕ್ಕದವಳ ಪಾಟಿ ನೋಡಿ ಬರೆಯುತ್ತಾಳೆ ಅಂದಿದ್ದರು. ಅಪ್ಪ ಡಾಕ್ಟರರಿಗೆ ತೋರಿಸಿ, ಉಕ್ಕಿನ ಕಡ್ಡಿಯ ದುಂಡನೆಯ ಚಷ್ಮಾ ಮಾಡಿಸಿಕೊಟ್ಟ. ಅದನ್ನು ಹಾಕಿಕೊಂಡ ದಿನ ಅಕ್ಕ ಅಂಗಳಕ್ಕೆ ಬಂದು ಎದುರಿನ ಬೇವಿನ ಮರವನ್ನೇ ನೋಡುತ್ತ ನಿಂತುಬಿಟ್ಟಳು. "ಎಲಿ ಒಂದೊಂದ ಬ್ಯಾರೆ ಬ್ಯಾರೆ ಕಾಣತಾವ" ಅಂದಳು. ಅವ್ವನಿಗೆ ಮಾತ್ರ ಆ ಚಷ್ಮಾ ಕಂಡರೆ ಆಗುತ್ತಿರಲಿಲ್ಲ. ನಮ್ಮ ಹಳ್ಳಿ ಕುಂಭಾರಿಯಿಂದ ಹೊಲದ ಕಾಳು ತರುತ್ತಿದ್ದ ದೊಡ್ಡಪ್ಪ ಒಮ್ಮೆ, "ಚಷ್ಮಾದ ಹುಡುಗಿಗೆ ಗಂಡ ಎಲ್ಲಿಂದ ಹುಡಕತೀರಿ?" ಎಂದು ಹೊಸ್ತಿಲಲ್ಲಿ ನಿಂತೇ ಕೇಳಿದ್ದ. ಅವ್ವನ ಎದೆಯಲ್ಲಿ ಆ ಮಾತು ಕೂತುಬಿಟ್ಟಿತ್ತು.

ಗಣಪತಿ ಹಬ್ಬ ಮುಗಿದ ಮೇಲಿನ ಒಂದು ರವಿವಾರ. ಮಧ್ಯಾಹ್ನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಇವತ್ತ ಕಿಲ್ಲೇಕ ಅಕ್ಕಲಕೋಟ್ಯಾಗಿನ ಮಂದಿ ಬರ್ತಾರ. ನಿಮ್ಮ ಅಕ್ಕನ್ನ ನೋಡಾಕ. ಸ್ಥಳ ಭಾಳ ಛಲೋ ಐತಿ. ಹೊಲಾ ಮನಿ ಎಲ್ಲಾ ಐತಿ, ಹುಡುಗ ಸಾಲಿ ಮಾಸ್ತರ ಅದಾನ. ಆಕಿಗೆ ಏನೂ ಹೇಳಬ್ಯಾಡ."

"ಯಾಕ ಹೇಳಬಾರದು?"

"ಹೇಳಿದ್ರ ಮಾರಿ ಗಂಟ ಹಾಕ್ಕೊಂಡು ಕುಂದರ್ತಾಳ. ಚಷ್ಮಾ ನಾ ತಗದು ಇಡತೀನಿ. ನೀ ಆಕಿ ಕೈ ಹಿಡ್ಕೊಂಡಿರು. ಮೆಟ್ಟಲ ಬಂದ್ರ ಕೈ ಒತ್ತು. ತಗ್ಗ ಬಂದ್ರ ಎರಡ ಸಲ ಒತ್ತು. ತಿಳೀತೇನು?"

ನಾನು ತಲೆಯಾಡಿಸಿದೆ. ದೊಡ್ಡವರ ಗುಟ್ಟಿನಲ್ಲಿ ನನಗೂ ಒಂದು ಪಾಲು ಸಿಕ್ಕಿತೆಂದು ಆಗ ಹೆಮ್ಮೆಯೇ ಆಗಿತ್ತು.

ಹೊರಡುವಾಗ ಅವ್ವ ಅಕ್ಕನಿಗೆ ತನ್ನ ಹಸಿರು ಸೀರೆ ಉಡಿಸಿ, ತಲೆ ಬಾಚಿ, ಅಬ್ಬಲಿಗೆ ಮುಡಿಸಿ, ಕೊನೆಗೆ ಮುಖದ ಮೇಲಿನ ಚಷ್ಮಾವನ್ನು ಮೆಲ್ಲಗೆ ತೆಗೆದಳು. "ಗದ್ದಲದಾಗ ಬಿದ್ದು ಒಡದೀತು. ಮನ್ಯಾಗ ಇರ್ಲಿ." ಅಕ್ಕ ಕಣ್ಣು ಕಿರಿದು ಮಾಡಿ ಅವ್ವನ ಮುಖ ನೋಡಿದಳು. "ಕಣ್ಣ ಹಂಗ ಕಿರಿದ ಮಾಡಬ್ಯಾಡ" ಎಂದು ಅವ್ವ ಗದರಿದಳು.

ಮನೆಯಿಂದ ಕೋಟೆಯ ತನಕದ ದಾರಿ ಅಂದು ನನಗೆ ಮುಗಿಯಲೇ ಇಲ್ಲ. ಟಾಂಗಾ ಬಂದರೆ ಎಳೆಯಬೇಕು, ಗಟಾರ ಬಂದರೆ ಒತ್ತಬೇಕು. ಅಕ್ಕನ ಅಂಗೈ ಬೆವರಿ ನನ್ನ ಕೈಯಿಂದ ಜಾರುತ್ತಿತ್ತು. ಅಪ್ಪ ನಾಲ್ಕು ಹೆಜ್ಜೆ ಮುಂದೆ, ಹಿಂದೆ ತಿರುಗದೆ ನಡೆಯುತ್ತಿದ್ದ. ಅವನಿಗೆ ಈ ಏರ್ಪಾಟು ಮನಸ್ಸಿಗೆ ಬಂದಿರಲಿಲ್ಲ ಎಂಬುದು ಅವನ ನಡಿಗೆಯಿಂದಲೇ ತಿಳಿಯುತ್ತಿತ್ತು. ಆದರೆ ಬೇಡವೆಂದು ಅವನೂ ಹೇಳಿರಲಿಲ್ಲ.

ಕೋಟೆಯೊಳಗೆ ಹೋದ ಕೂಡಲೇ ಅವರನ್ನು ನಾನು ಗುರುತಿಸಿದೆ. ಬೇವಿನ ಮರದ ಕೆಳಗಿನ ಬಾಕಿನ ಮೇಲೆ ಕೆಂಪು ರುಮಾಲಿನ ದಪ್ಪನೆಯ ಗಂಡಸು. ಅವರ ಪಕ್ಕದಲ್ಲಿ ಇಳಕಲ್ ಸೀರೆಯ ಮುದುಕಿ. ಸ್ವಲ್ಪ ದೂರದಲ್ಲಿ, ಗಿಡದ ಬೊಡ್ಡೆಗೆ ಒರಗಿ, ಬಿಳಿ ಅಂಗಿಯ ತೆಳ್ಳಗಿನ ಹುಡುಗ. ಮೂವರೂ ನಮ್ಮ ಕಡೆಗೇ ನೋಡುತ್ತಿದ್ದರು. ಅವ್ವ ಅವರನ್ನು ಕಂಡೂ ಕಾಣದವಳ ಹಾಗೆ ಬುರುಜಿನ ಮೆಟ್ಟಿಲು ಹತ್ತತೊಡಗಿದಳು. ಆ ಮೆಟ್ಟಿಲುಗಳು ಒಂದು ಎತ್ತರ, ಒಂದು ತಗ್ಗು. ನಾನು ಒತ್ತುತ್ತ ಹೋದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಆ ಹುಡುಗ ನನ್ನ ಕಣ್ಣಿಗೆ ಬಿದ್ದ. ಅವನು ಅಕ್ಕನನ್ನು ಎವೆ ಮಿಟುಕಿಸದೆ ನೋಡುತ್ತಿದ್ದ. ಅವನನ್ನು ನೋಡುವುದರಲ್ಲಿ ನಾನು ಒತ್ತುವುದನ್ನು ಮರೆತೆ.

ಅಕ್ಕನ ಕಾಲು ಗಾಳಿಯಲ್ಲಿ ಇಳಿಯಿತು. ನನ್ನ ಭುಜ ಕಿತ್ತು ಬಂದ ಹಾಗಾಯಿತು. ಅವಳು ಗೋಡೆಗೆ ಆತುಕೊಂಡು ನಿಂತಳು. ಒಂದು ಚಪ್ಪಲಿ ಟಪ್ ಟಪ್ ಎಂದು ಕೆಳಗಿನ ಮೆಟ್ಟಿಲಿನ ತನಕ ಉರುಳಿ ಹೋಯಿತು. ಮೇಲಿನಿಂದ ಅವ್ವ "ಅಯ್ಯ ಶಿವನೇ" ಅಂದಳು. ಅಕ್ಕ ನನ್ನ ಕಿವಿಯ ಹತ್ತಿರ ಬಾಗಿದಳು.

"ಯಾರರ ನಮ್ಮನ್ನ ನೋಡಾಕತ್ತಾರೇನ?"

ಅವಳ ಮುಖ ನನಗೆ ಅಷ್ಟು ಹತ್ತಿರವಿತ್ತು. ಚಷ್ಮಾ ಇಲ್ಲದ ಕಣ್ಣುಗಳು ದೊಡ್ಡವಾಗಿ, ಒದ್ದೆಯಾಗಿ ಕಾಣುತ್ತಿದ್ದವು.

"ಯಾರೂ ಇಲ್ಲಕ್ಕ" ಅಂದೆ.

ನಾವು ಹುಲ್ಲಿನ ಮೇಲೆ ಕೂತೆವು. ಅವ್ವ ಚುರಮುರಿ ಹರವಿದಳು. ಯಾರಿಗೂ ತಿನ್ನುವ ಮನಸ್ಸಿರಲಿಲ್ಲ. ಅಷ್ಟರಲ್ಲಿ ಆ ಮುದುಕಿ ಎದ್ದು, ಮೊಣಕಾಲು ಹಿಡಿದುಕೊಳ್ಳುತ್ತ, ನಮ್ಮ ಕಡೆಗೆ ಬಂದಳು. ಗಂಡಿನ ಸೋದರತ್ತೆ ಅವಳು. ಆ ಮನೆಯಲ್ಲಿ ಅವಳ ಮಾತೇ ನಡೆಯುವುದೆಂದು ಅವ್ವ ಆಮೇಲೆ ಹೇಳಿದಳು. ಹಾದಿಹೋಕಳ ಹಾಗೆ ಅಕ್ಕನ ಎದುರಿಗೆ ನಿಂತು ಕೇಳಿದಳು:

"ಯವ್ವಾ, ಸಣ್ಣ ಕೆಲಸ ಮಾಡ. ಆ ಗಿಡದ ಬುಡಕ ಕುಂತವ್ರು ನಮ್ಮ ಅಣ್ಣ ಅದಾರೇನ ನೋಡು. ತಲೀಗೆ ಎಂಥಾ ರುಮಾಲ ಸುತ್ಯಾರ? ನನಗ ದೂರಿಂದು ಕಾಣಂಗಿಲ್ಲ."

ಅಕ್ಕ ಆ ಕಡೆಗೆ ಮುಖ ತಿರುಗಿಸಿದಳು. ಅಲ್ಲಿ ಅವಳಿಗೆ ಹಸಿರು ಮಬ್ಬು ಬಿಟ್ಟು ಏನೂ ಕಾಣುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ಕಣ್ಣು ಕಿರಿದು ಮಾಡುವ ಹಾಗೂ ಇಲ್ಲ. ಅವಳ ಬೆರಳು ನನ್ನ ಬೆರಳನ್ನು ಬಲವಾಗಿ ಹಿಂಡಿದವು. ಅವ್ವ ಚುರಮುರಿಯ ಮೇಲೆ ಕೈ ಇಟ್ಟವಳು ಹಾಗೆಯೇ ಕೂತಿದ್ದಳು.

"ಅಕ್ಕಾ, ಕೆಂಪು ರುಮಾಲ ನೋಡ, ಎಷ್ಟ ಛಂದ ಐತಿ!" ಎಂದು ನಾನು ಕೂಗಿದೆ.

"ಕೆಂಪು ರುಮಾಲ್ರಿ ಆಯಿ" ಅಂದಳು ಅಕ್ಕ.

ಮುದುಕಿ ಅಕ್ಕನನ್ನು ಬಿಟ್ಟು ನನ್ನನ್ನು ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ "ಜೀವ ತಣ್ಣಗಿರ್ಲಿ" ಎಂದು ಅಕ್ಕನ ಗಲ್ಲ ಸವರಿ, ಹೊರಟುಹೋದಳು.

ಎರಡು ದಿನ ಕಳೆದ ಮೇಲೆ ಅಪ್ಪ ಗಿರಣಿಯಿಂದ ಬಂದವನೇ, "ಅವರಿಗೆ ಪಸಂತ ಬಂದಾಳಂತ. ದಸರೇಕ ಅಕ್ಕಲಕೋಟಿಗೆ ಕರದಾರ. ಬನ್ನಿ ಕೊಟ್ಟು ಲಗ್ನ ನಕ್ಕಿ ಮಾಡೂಣು ಅಂದಾರ" ಎಂದ. ಅಕ್ಕ ಅಲ್ಲೇ ಗೋಡೆಗೆ ಒರಗಿ ಓದುತ್ತಿದ್ದಳು. ಪುಸ್ತಕ ಮುಚ್ಚಿದಳು.

"ಯಾರಿಗೆ? ನನ್ನ ಯಾವಾಗ ನೋಡಿದ್ರು?"

ಅಪ್ಪ ಟೋಪಿ ತೆಗೆದು ಗೂಟಕ್ಕೆ ಹಾಕಿದ. ಅವ್ವ ಒಲೆಯ ಕಡೆ ತಿರುಗಿದಳು. ಅಕ್ಕ ನನ್ನನ್ನು ನೋಡಿದಳು. ಈ ಸಲ ಚಷ್ಮಾ ಹಾಕಿಕೊಂಡಿದ್ದಳು. ನನ್ನ ಮುಖದ ಮೇಲಿದ್ದುದೆಲ್ಲ ಅವಳಿಗೆ ಸ್ಪಷ್ಟವಾಗಿ ಕಂಡಿರಬೇಕು.

"ನಿನಗ ಗೊತ್ತಿತ್ತು" ಅಂದಳು.

ನಾನು ಅಳತೊಡಗಿದೆ. ಅವಳು ಅಳಲಿಲ್ಲ. "ನಾ ಕೇಳಿದ್ನಲ್ಲ, ಯಾರರ ನೋಡಾಕತ್ತಾರೇನ ಅಂತ? ನಿನ್ನ ಕೈ ನಂಬಿ ನಾ ಮೆಟ್ಟಲ ಇಳದೆ." ಅಷ್ಟೇ ಹೇಳಿ ಎದ್ದುಹೋದಳು. ಆ ದಿನದಿಂದ ಎಂಟು ಹತ್ತು ದಿನ ನನ್ನ ಜೊತೆ ಮಾತಿಲ್ಲ. ಒಂದೇ ಚಾದರದಲ್ಲಿ ಮಲಗಿದರೂ ಬೆನ್ನು ತಿರುಗಿಸಿಕೊಂಡಿರುತ್ತಿದ್ದಳು. ರವಿವಾರ ಅಪ್ಪ ಕಿಲ್ಲೆಯ ಮಾತೆತ್ತಿದರೆ ಯಾರೂ ಏಳುತ್ತಿರಲಿಲ್ಲ.

ನವರಾತ್ರಿಯ ಘಟಸ್ಥಾಪನೆಯಾದ ಮೇಲೆ ಒಂದು ಸಂಜೆ, ನೀರು ಸೇದುವಾಗ, ಅವಳೇ ಮಾತು ತೆಗೆದಳು. "ದಸರಿ ದಿನ ಅವ್ವ ನನ್ನ ಚಷ್ಮಾ ತಗದು ಇಡತಾಳ. ಎಲ್ಲಿ ಇಡತಾಳ ಅಂತ ನೀ ನೋಡ್ಕೋ. ಅಕ್ಕಲಕೋಟಿಗೆ ತಂದು ನನ್ನ ಕೈಯಾಗ ಕೊಡು."

"ಅವ್ವ ಕೊಲ್ಲತಾಳ ನನ್ನ."

"ಹಂಗಾರ ಬಿಡು" ಅಂದಳು ಅಕ್ಕ, ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ನಡೆದುಬಿಟ್ಟಳು.

ದಸರೆಯ ಬೆಳಿಗ್ಗೆ ಅವ್ವ ಚಷ್ಮಾವನ್ನು ಜೋಳದ ಡಬ್ಬಿಯ ಹಿಂದೆ, ಹಳೇ ಕುಬಸದಲ್ಲಿ ಸುತ್ತಿ ಇಟ್ಟಳು. ನಾನು ಕಿಟಕಿಯ ಸಂದಿಯಿಂದ ನೋಡಿದೆ. ಅವಳು ದೇವರ ಮುಂದೆ ದೀಪ ಹಚ್ಚಲು ಹೋದಾಗ, ಅದನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಪರಕರದ ನಡುವಿನೊಳಗೆ ಸಿಕ್ಕಿಸಿಕೊಂಡೆ. ಖಾಲಿ ಕುಬಸವನ್ನು ಮೊದಲಿನ ಹಾಗೆಯೇ ಸುತ್ತಿಟ್ಟೆ.

ಅಕ್ಕಲಕೋಟೆಯ ಮೋಟಾರಿನಲ್ಲಿ ಜನ ಒಬ್ಬರ ಮೇಲೆ ಒಬ್ಬರು. ನಾನು ಅವ್ವನ ಪಕ್ಕದಲ್ಲಿ ಕೂತಿದ್ದೆ. ಚಷ್ಮಾದ ಕಡ್ಡಿ ಹೊಟ್ಟೆಗೆ ಚುಚ್ಚುತ್ತಿತ್ತು. ಗಾಡಿ ಕುಲುಕಿದಾಗೆಲ್ಲ ಗಾಜು ಒಡೆಯಿತೆಂದೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ. ಕುಂಭಾರಿಯಲ್ಲಿ ಗಾಡಿ ನಿಂತಾಗ ಅವ್ವ ನನ್ನ ತೊಡೆಯ ಮೇಲೆ ಕೈ ಊರಿ ಮುಂದೆ ಬಾಗಿ, "ಯಾಕ ಹಿಂಗ ಸೆಟಗೊಂಡು ಕುಂತಿ? ಹೊಟ್ಟಿ ನೋಯಾಕತ್ತೈತೇನ?" ಎಂದಳು. ನಾನು ಹೂಂ ಅಂದೆ. ಅವಳು ಹೊಟ್ಟೆ ಮುಟ್ಟಿ ನೋಡಲು ಕೈ ಚಾಚಿದಳು. ಆಚೆ ಬದಿಯಿಂದ ಅಕ್ಕ, "ಗಾಳಿ ಬಿಡವ್ವ ಆಕಿಗೆ" ಎಂದು ನನ್ನನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಎಷ್ಟೋ ದಿನಗಳ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಆಗಲೇ.

ಅಕ್ಕಲಕೋಟೆಯಲ್ಲಿ ಅವರ ಮನೆ ದೊಡ್ಡದು. ಊಟಕ್ಕೆ ಹೋಳಿಗೆ, ಕಟ್ಟಿನ ಸಾರು. ಗಂಡಸರು ಪಡಸಾಲೆಯಲ್ಲಿ ಕೂತು, ಈ ಊರು ಕರ್ನಾಟಕಕ್ಕೆ ಸೇರುತ್ತದೋ, ಮರಾಠಿಯವರ ಕಡೆ ಉಳಿಯುತ್ತದೋ ಎಂದು ಮಾತಾಡುತ್ತಿದ್ದರು. "ಯಾವ ಕಡಿ ಹೋದ್ರೂ ನಮ್ಮ ಹೊಲ ಇಲ್ಲೇ ಇರತದಲ್ರಿ" ಎಂದು ಕೆಂಪು ರುಮಾಲಿನವರು ನಕ್ಕರು. ಅಪ್ಪನೂ ನಕ್ಕ, ಆದರೆ ಅವನ ಕಣ್ಣು ಬಡಿಸುತ್ತಿದ್ದ ಅಕ್ಕನ ಕೈಯ ಮೇಲೇ ಇತ್ತು. ಹತ್ತಿರದ್ದು ಅವಳಿಗೆ ಕಾಣುತ್ತಿತ್ತು. ಒಂದು ಹನಿಯೂ ಚೆಲ್ಲಲಿಲ್ಲ. ಸೋದರತ್ತೆ ನಡುಮನೆಯ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು.

ಹೊತ್ತು ಇಳಿದ ಮೇಲೆ ಊರೆಲ್ಲ ಬನ್ನಿಯ ಗಿಡದ ಕಡೆ ಹೊರಟಿತು. ಸಂಸ್ಥಾನ ಹೋಗಿ ಕೆಲವು ವರ್ಷವಾಗಿದ್ದರೂ ದಸರೆಯ ಮೆರವಣಿಗೆಯ ಸಡಗರ ಉಳಿದಿತ್ತು. ಮುಂದೆ ಹಲಗೆ, ಸನಾದಿ. ಹಿಂದೆ ಹೊಸ ಧೋತರ, ಹೊಸ ಸೀರೆಗಳ ಪ್ರವಾಹ. ಡೊಳ್ಳು ಹೊತ್ತ ಕುರುಬರ ಮೇಳವೊಂದು ಭಂಡಾರ ಹಾರಿಸುತ್ತ ಕುಣಿಯುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಅದರ ಹಿಂದೆಯೇ ಓಡುತ್ತಿದ್ದೆ. ಅಂದು ಅಕ್ಕನ ಕೈ ಹಿಡಿದು ನಡುವೆ ಸಿಕ್ಕಿಕೊಂಡಿದ್ದೆ. ಅವ್ವ ಒಂದು ಹೆಜ್ಜೆಯೂ ಅಗಲದೆ ಹಿಂದೆಯೇ ಬರುತ್ತಿದ್ದಳು. ಚಷ್ಮಾ ಕೊಡಲು ಸಂದರ್ಭವೇ ಸಿಗಲಿಲ್ಲ.

ಪೂಜೆ ಮುಗಿಯಿತು. ಜನ ಬನ್ನಿಯ ಎಲೆಗೆ ನುಗ್ಗಿದರು. ಸೋದರತ್ತೆ ಅಕ್ಕನ ಸೆರಗಿಗೆ ಒಂದು ಹಿಡಿ ಎಲೆ ಸುರಿದು ಹೇಳಿದಳು:

"ಹೋಗವ್ವ, ನಮ್ಮ ಮಂದಿಗೆಲ್ಲ ಬನ್ನಿ ಕೊಟ್ಟು ಕಾಲು ಬೀಳು. ಮೊದಲ ನಮ್ಮ ಅಣ್ಣಗ, ಆಮ್ಯಾಲ ವೈನಿಗೆ, ಆಮ್ಯಾಲ ಉಳದವ್ರಿಗೆ. ನೀ ಇಲ್ಲೇ ನಿಂದರ ಸಣ್ಣಾಕಿ" ಎಂದು ನನ್ನ ರಟ್ಟೆ ಹಿಡಿದುಕೊಂಡಳು.

ಹತ್ತು ಮಾರು ಆಚೆ ಗಂಡಸರು ಹೆಂಗಸರು ಸಾಲಾಗಿ ನಿಂತಿದ್ದರು. ಅವರಲ್ಲಿ ಈ ಮನೆಯವರೂ ಇದ್ದರು, ನೆರೆಯವರೂ ಇದ್ದರು. ಹಬ್ಬದ ದಿನವಾದ್ದರಿಂದ ಆರೇಳು ಜನರ ತಲೆಯ ಮೇಲೆ ಕೆಂಪು ರುಮಾಲೇ. ಬೆಳಕು ಬೇರೆ ಮಸುಕಾಗುತ್ತಿತ್ತು. ಅಕ್ಕ ಎರಡು ಹೆಜ್ಜೆ ಇಟ್ಟು ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಯಾರೋ ಒಬ್ಬ ಹೆಂಗಸು, "ಯಾಕ ನಿಂತ್ಳು?" ಅಂದಳು. ಅವ್ವ ನನ್ನ ಹಿಂದೆ ಬಾಯೊಳಗೇ ಏನೋ ಜಪಿಸುತ್ತಿದ್ದಳು. ಅಕ್ಕನ ಕಾಲು ಯಾರೋ ಅಪರಿಚಿತರ ಕಡೆಗೆ ತಿರುಗಿದ್ದನ್ನು ನಾನು ನೋಡಿದೆ.

ನಾನು ರಟ್ಟೆ ಬಿಡಿಸಿಕೊಂಡು ಓಡಿದೆ. ಎಲ್ಲರ ಎದುರಿಗೇ ಪರಕರದ ನಡುವಿನಿಂದ ಕರವಸ್ತ್ರ ಎಳೆದು ಅಕ್ಕನ ಕೈಯಲ್ಲಿಟ್ಟೆ. ಅಕ್ಕ ಅದನ್ನು ಬಿಚ್ಚಿದಳು. ಚಷ್ಮಾವನ್ನು ಸೆರಗಿನಿಂದ ಒರೆಸಿದಳು, ಒಂದು ಕಿವಿಗೆ, ಮತ್ತೊಂದು ಕಿವಿಗೆ ಸಿಕ್ಕಿಸಿದಳು. ಅವಸರ ಮಾಡಲಿಲ್ಲ. ಆಮೇಲೆ ಸಾಲಿನ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. ಆ ಮಾಸ್ತರ ಹುಡುಗನ ಮುಖವನ್ನೂ ನೋಡಿದಳು. ಅವನೇ ತಲೆ ತಗ್ಗಿಸಿದ. ಅಕ್ಕ ನೇರವಾಗಿ ಹೋಗಿ ಹುಡುಗನ ತಂದೆಗೆ ಬನ್ನಿ ಕೊಟ್ಟು, ಕಾಲಿಗೆರಗಿದಳು. ಅವರ ಹೆಂಡತಿಗೆ ಕೊಟ್ಟಳು. ತಿರುಗಿ ಬಂದು ಸೋದರತ್ತೆಯ ಎದುರಿಗೆ ನಿಂತಳು.

"ಚಷ್ಮಾ ಹಾಕತೀಯೇನು?" ಮುದುಕಿಯ ದನಿ ಗಟ್ಟಿಯಾಗಿತ್ತು.

"ಹೌದ್ರಿ ಆಯಿ. ನಾಕ ವರ್ಷಾತು."

"ಮತ್ತ ಅವತ್ತ ಕಿಲ್ಲೇದಾಗ?"

"ಅವತ್ತ ನೀವು ನನ್ನ ನೋಡಿದ್ರಿ. ನನಗ ನೀವ್ಯಾರೂ ಕಾಣ್ಲಿಲ್ರಿ. ಇವತ್ತ ಕಾಣತೀರಿ." ಅಕ್ಕ ಉಳಿದ ಎಲೆಯನ್ನು ಅವಳ ಕೈಯಲ್ಲಿಟ್ಟು ಬಾಗಿದಳು. ಮುದುಕಿ ಹರಸಿದಳೋ ಇಲ್ಲವೋ, ಸನಾದಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಆ ರಾತ್ರಿ ಅಲ್ಲಿಯೇ ಉಳಿಯಬೇಕೆಂದಿದ್ದವರು ಕೊನೆಯ ಮೋಟಾರಿಗೆ ಹೊರಟೆವು. ಯಾರೂ ಇರಿ ಎನ್ನಲಿಲ್ಲ. ಅವ್ವ ಕಿಟಕಿಗೆ ಮುಖ ಕೊಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಮನೆ ಮುಟ್ಟಿದ ಮೇಲೆ ನನ್ನ ಬೆನ್ನಿಗೆ ಎರಡು ಬಿತ್ತು. ಮೂರನೆಯದಕ್ಕೆ ಅಪ್ಪ ಅವಳ ಕೈ ಹಿಡಿದ.

"ಆಕಿದೇನೂ ತಪ್ಪಿಲ್ಲ. ತಪ್ಪು ನಾವು ಮಾಡೀವಿ" ಅಂದ.

"ನಾ ಯಾರ ಸಲುವಾಗಿ ಮಾಡೀನಿ?" ಎಂದು ಅವ್ವ ನೆಲದ ಮೇಲೆ ಕುಸಿದಳು. ಅಕ್ಕ ಹೋಗಿ ಅವಳ ಪಕ್ಕದಲ್ಲಿ ಕೂತಳು, ಆದರೆ ಮುಟ್ಟಲಿಲ್ಲ.

ಎರಡು ವಾರ ಕಾದೆವು. ಬಾಗಿಲು ಸದ್ದಾದರೆ ಅವ್ವ ಕೈಯಲ್ಲಿದ್ದುದನ್ನು ಬಿಟ್ಟು ಏಳುತ್ತಿದ್ದಳು. ದೀಪಾವಳಿಗೆ ಮುಂಚೆ ಅವರ ಕಡೆಯವರೊಬ್ಬರು ಬಂದು, ಚಹಾ ಕುಡಿದು, "ಹುಡುಗಿ ಶ್ಯಾಣ್ಯಾಕಿ ಅದಾಳ್ರಿ. ಆದ್ರ ಕಣ್ಣಿನ ತ್ರಾಸು ಮುಂದ ಮಕ್ಕಳಿಗೂ ಬಂದ್ರ ಹ್ಯಾಂಗ ಅಂತಾರ" ಎಂದು ಹೇಳಿ ಹೋದರು. ಅಪ್ಪ ಅವರನ್ನು ಬೀದಿಯ ತುದಿಯ ತನಕ ಬೀಳ್ಕೊಟ್ಟು ಬಂದ. ಆ ಮೇಲಿನ ರವಿವಾರ ಅವನು ಯಾರನ್ನೂ ಕೇಳದೆ ಟೋಪಿ ಇಟ್ಟುಕೊಂಡು ಬಾಗಿಲಲ್ಲಿ ನಿಂತ. ಮೊದಲು ಎದ್ದವಳು ಅಕ್ಕ. ಅವ್ವ ಚುರಮುರಿಯ ಗಂಟು ಕಟ್ಟುತ್ತಿದ್ದವಳು ತಲೆ ಎತ್ತಿ ಅಕ್ಕನ ಚಷ್ಮಾ ನೋಡಿ, "ಧೂಳ ಕುಂತೈತಿ ಅದರ ಮ್ಯಾಲ. ಒರಸ್ಕೋ" ಅಂದಳು. ಅಷ್ಟೇ. ಕೋಟೆಯಲ್ಲಿ ಮೆಟ್ಟಿಲು ಇಳಿಯುವಾಗ ನಾನು ಕೈ ಚಾಚಿದೆ. ಅಕ್ಕ ಹಿಡಿಯಲಿಲ್ಲ, ಅವಳಿಗೆ ಬೇಕಿರಲಿಲ್ಲ.

ಅಕ್ಕ ಮ್ಯಾಟ್ರಿಕ್ ಮುಗಿಸಿ, ಶಿಕ್ಷಕಿಯ ತರಬೇತಿ ಪಡೆದು, ಕುರನೂರಿನ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಇಪ್ಪತ್ತೈದಕ್ಕೆ ಮದುವೆಯಾಯಿತು. ಗಂಡನ ಕಡೆಯವರು ನೋಡಲು ಬಂದ ದಿನ ಅವಳು ಚಷ್ಮಾ ಹಾಕಿಕೊಂಡೇ ಕೂತಳು, ಅವ್ವ ಅದನ್ನು ತೆಗೆಯಲು ಹೋಗಲಿಲ್ಲ.

ಇಬ್ಬರಿಗೂ ವಯಸ್ಸಾದ ಮೇಲೆ ಒಂದು ದಿನ ನಾನು ಕೇಳಿದೆ: "ಆ ಅಕ್ಕಲಕೋಟಿ ಮಾಸ್ತರನ್ನ ನೋಡಿದೆಲ್ಲ, ಹ್ಯಾಂಗಿದ್ದ?"

ಅಕ್ಕ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಛಲೋ ಇದ್ದ" ಅಂದಳು. "ನನ್ನ ಮನಸ್ಸಿಗೆ ಬಂದಿದ್ದ. ಅದಕ್ಕ ತಿರಗಿ ಬರೂ ಮುಂದ ಮೋಟಾರದಾಗ ಅಷ್ಟು ಅಳು ಬಂತು. ನೀ ಮಲಗಿದ್ದಿ, ನಿನಗ ಗೊತ್ತಾಗ್ಲಿಲ್ಲ."

ನಾನು ಮಲಗಿರಲಿಲ್ಲ. ಅವಳ ಅಳು ಕೇಳುತ್ತ, ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ. ಅದನ್ನು ಈ ಸಲ ಅವಳಿಗೆ ಹೇಳಿದೆ.